ನಾಟಕವನ್ನೇ ನೋಡದವರಿಗೆ ಮೊದಲು ಯಾವ ನಾಟಕ ತೋರಿಸುವುದು?

ಬಸವನಗುಡಿಯ ಅಧ್ಯಾಪಕಿ

ಇಲ್ಲಿ ನನಗಿಂತ ಹೆಚ್ಚು ನಾಟಕ ನೋಡಿದವರು ಅನೇಕರಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಕೇಳುತ್ತೇನೆ. ನನ್ನ ಅಣ್ಣನ ಮಗಳು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡನೆಯ ವರ್ಷ ಓದುತ್ತಿದ್ದು, ಹಾಸ್ಟೆಲ್ಲಿನಲ್ಲಿದ್ದಾಳೆ. ಶಾಲೆಯ ವಾರ್ಷಿಕೋತ್ಸವದಲ್ಲಿ ರಟ್ಟಿನ ಕತ್ತಿ ಹಿಡಿದು ಕಿತ್ತೂರು ಚೆನ್ನಮ್ಮನಾದದ್ದನ್ನು ಬಿಟ್ಟರೆ ಅವಳಿಗೂ ರಂಗಭೂಮಿಗೂ ಯಾವ ಸಂಬಂಧವೂ ಇಲ್ಲ. "ನಾಟಕ ಅಂದರೆ ಎಲ್ಲರೂ ಜೋರಾಗಿ ಮಾತಾಡೋದು ತಾನೇ ಅತ್ತೆ?" ಎಂದು ಮೊನ್ನೆ ಕೇಳಿದಳು. ಈ ಮಾತಿಗೆ ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ಒಂದು ನಾಟಕ ತೋರಿಸುವುದೇ ವಾಸಿ ಎನ್ನಿಸಿದೆ.

ಮುಂದಿನ ತಿಂಗಳು ಅತ್ತಿಗೆಯೂ ಊರಿನಿಂದ ಬಂದು ನಮ್ಮಲ್ಲಿ ಒಂದು ವಾರ ಇರುತ್ತಾರೆ. ಅವರು ನಾಗಮಂಗಲದ ಕಡೆಯವರು. ಸಂಜೆಯ ಧಾರಾವಾಹಿಗಳನ್ನು ಬಿಟ್ಟು ಬೇರೇನನ್ನೂ ನೋಡಿದವರಲ್ಲ. ಆ ವಾರದ ಪ್ರಕಟಣೆಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೂರು: ರವೀಂದ್ರ ಕಲಾಕ್ಷೇತ್ರದಲ್ಲಿ 'ತುಘಲಕ್', ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಹವ್ಯಾಸಿ ತಂಡವೊಂದರ 'ಹಯವದನ', ಇನ್ನೊಂದೆಡೆ ಕೈಲಾಸಂ ಅವರ ಎರಡು ಕಿರುನಾಟಕಗಳು. ಮೂರನ್ನೂ ತೋರಿಸುವಷ್ಟು ಸಮಯವೂ ಇಲ್ಲ, ಅವರಿಗೆ ಅಷ್ಟು ತಾಳ್ಮೆಯೂ ಇರಲಾರದು. ಒಂದೇ ಒಂದು ಸಂಜೆ. ಅದು ಕೆಟ್ಟರೆ ಹುಡುಗಿ ಮತ್ತೆ ನಾಟಕದ ಕಡೆ ತಿರುಗಿ ನೋಡುವುದಿಲ್ಲವೆಂಬ ಭಯ ನನ್ನದು. ಹಾಡು ಸಂಗೀತ ಇರುವುದನ್ನೇ ಆರಿಸಬೇಕೋ, ಗಟ್ಟಿಯಾದ ಕಥೆ ಇರುವುದನ್ನೋ?

ಹಿಂದಿನ ಸಾಲಿನ ಪ್ರೇಕ್ಷಕ

ಯೋಚಿಸುವುದೇನಿದೆ ಮೇಡಂ, 'ತುಘಲಕ್'. ಕಾರ್ನಾಡರು ಅದನ್ನು 1964ರಲ್ಲಿ ಪ್ರಕಟಿಸಿದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆದರ್ಶವಾದಿಯಾದ ಸುಲ್ತಾನನೊಬ್ಬ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಎಬ್ಬಿಸಿಕೊಂಡು ಹೋಗಿ, ತಾಮ್ರದ ನಾಣ್ಯ ಹೊರಡಿಸಿ, ಕೊನೆಗೆ ತನ್ನ ಬುದ್ಧಿವಂತಿಕೆಯಲ್ಲೇ ಸಿಕ್ಕಿಕೊಂಡು ನಿದ್ದೆಗೆಡುವ ಕಥೆಯನ್ನು ಯಾವ ಕಾಲದ ಯಾವ ಸರ್ಕಾರದಡಿಯಲ್ಲಿ ನೋಡಿದರೂ ಪಕ್ಕದ ಆಸನದವರು ಒಮ್ಮೆಯಾದರೂ ಅರ್ಥಪೂರ್ಣವಾಗಿ ಕೆಮ್ಮುತ್ತಾರೆ. ಹೊಸಬರಿಗೆ ಸುಲಭದ್ದನ್ನು ತೋರಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಿಖರ ಎಷ್ಟು ಎತ್ತರವಿದೆಯೆಂದು ಮೊದಲ ದಿನವೇ ತಿಳಿಯಲಿ.

ತಾಲೀಮು ಕೋಣೆ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ, ಮನ್ನಿಸಿ. ಶಿಖರ ತೋರಿಸಲು ಹೋಗಿ ಗೆಳೆಯನನ್ನು ಕಳೆದುಕೊಂಡವನು ನಾನು. ಗೆಳೆತನ ಉಳಿದಿದೆ, ಕಳೆದುಹೋದದ್ದು ಪ್ರೇಕ್ಷಕ. ಹನ್ನೊಂದು ವರ್ಷದ ಹಿಂದೆ ನಾನು ಬಹಳ ಮೆಚ್ಚಿದ ಐತಿಹಾಸಿಕ ನಾಟಕವೊಂದಕ್ಕೆ ಅವನನ್ನು ಕರೆದೊಯ್ದೆ. ಕೃತಿಯಲ್ಲಿ ದೋಷವಿರಲಿಲ್ಲ. ಆದರೆ ಅದು ಆ ತಂಡದ ಮೊದಲನೆಯ ಪ್ರದರ್ಶನವಾಗಿತ್ತು. ದೊಡ್ಡ ಸಭಾಂಗಣದ ಬಾಲ್ಕನಿಗೆ ಮಾತು ಅರ್ಧ ಕೇಳಿಸುತ್ತಿತ್ತು, ಇನ್ನರ್ಧವನ್ನು ತೂಗುಹಾಕಿದ ಮೈಕುಗಳು ನುಂಗುತ್ತಿದ್ದವು. ಎರಡೂ ಮುಕ್ಕಾಲು ಗಂಟೆ ನಡೆದರೂ ವಿರಾಮ ಕೊಡಲಿಲ್ಲ. ನಾಟಕ ಮುಗಿಯುವ ಹೊತ್ತಿಗೆ ನನ್ನ ಗೆಳೆಯ ಕೈಗಡಿಯಾರವನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ.

ಅಂದಿನಿಂದ, ಯಾರಾದರೂ ಕೇಳಿದರೆ ನಾಟಕದ ಹೆಸರಿಗಿಂತ ಮೊದಲು ನಾನು ಬೇರೆ ಕೆಲವನ್ನು ವಿಚಾರಿಸುತ್ತೇನೆ. ಇದು ತಂಡದ ಎಷ್ಟನೆಯ ಪ್ರದರ್ಶನ? ಹವ್ಯಾಸಿ ತಂಡಗಳಲ್ಲಿ ನಟರೆಲ್ಲರೂ ಕಚೇರಿ ಮುಗಿಸಿ ಬಂದು ತಾಲೀಮು ಮಾಡುವವರು. ನಮ್ಮ ತಂಡವನ್ನೂ ಸೇರಿಸಿಯೇ ಹೇಳುತ್ತೇನೆ, ಮೊದಲ ಪ್ರದರ್ಶನವೆನ್ನುವುದು ಎಷ್ಟೋ ಸಲ ಟಿಕೆಟ್ ಮಾರಿದ ಕೊನೆಯ ತಾಲೀಮೇ ಆಗಿರುತ್ತದೆ. ಐದಾರು ಪ್ರದರ್ಶನ ಕಂಡ ನಾಟಕದಲ್ಲಿ ಮಾತು ನಾಲಿಗೆಗೆ ಹತ್ತಿರುತ್ತದೆ, ಹಾಡಿನ ಮೇಳ ಶ್ರುತಿಗೆ ಬಂದಿರುತ್ತದೆ, ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಕತ್ತಲೆಯಲ್ಲಿ ಕುರ್ಚಿ ಎಡವುವ ಸದ್ದು ಕೇಳಿಸುವುದಿಲ್ಲ. ಆಮೇಲೆ ಸಭಾಂಗಣ. ಕಲಾಕ್ಷೇತ್ರದ ವೇದಿಕೆ ಭವ್ಯವಾದದ್ದು, ನಿಜ, ಆದರೆ ಹಿಂದಿನ ಸಾಲುಗಳಿಂದ ನಟನ ಕಣ್ಣು ಕಾಣಿಸದು. ಸಿನಿಮಾದ ಹತ್ತಿರದ ದೃಶ್ಯಗಳಿಗೆ ಒಗ್ಗಿದ ಹುಡುಗಿಗೆ ಮೊದಲ ಸಲ ಕಣ್ಣು ಕಾಣಿಸಬೇಕು, ಬೆವರು ಕಾಣಿಸಬೇಕು, ಉಸಿರು ಕೇಳಿಸಬೇಕು. ಆ ಕಾರಣಕ್ಕೆ ಚಿಕ್ಕ ಸಭಾಂಗಣದಲ್ಲಿರುವ 'ಹಯವದನ'ಕ್ಕೆ ನನ್ನ ಮತ. ಆ ತಂಡ ಅದನ್ನು ಈ ಮೊದಲು ಎಷ್ಟು ಸಲ ಆಡಿದೆಯೆಂದು ಮಾತ್ರ ವಿಚಾರಿಸಿಕೊಳ್ಳಿ.

ಗದಗಿನ ರಸಿಕ

ಬೆಂಗಳೂರಿನವರ ಚರ್ಚೆಯಲ್ಲಿ ನಾಟಕವೆಂದರೆ ಬರೀ ಹವ್ಯಾಸಿ ನಾಟಕವೇ ಆಗಿಬಿಡುತ್ತದೆ, ಇದು ನನ್ನ ಹಳೆಯ ತಕರಾರು. ಸಂಗೀತ ಬೇಕು, ಕಥೆ ಬೇಕು, ನಗಬೇಕು, ಅಳಬೇಕು ಎನ್ನುವವರಿಗೆ ಕಂಪನಿ ನಾಟಕವಿದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿರಿ. ಬನದ ಹುಣ್ಣಿಮೆಯಿಂದ ಶುರುವಾಗಿ ವಾರಗಟ್ಟಲೆ ಸಾಲಾಗಿ ಕಂಪನಿಗಳು ಕ್ಯಾಂಪ್ ಹಾಕಿರುತ್ತವೆ, ದಿನಕ್ಕೆ ಹಲವು ಆಟ. ತಗಡಿನ ಥೇಟರು, ಎಳೆದರೆ ಅರಮನೆ ಬಿಟ್ಟರೆ ಕಾಡು ಎನ್ನುವಂಥ ಬಣ್ಣದ ಪರದೆಗಳು, ಎಲ್ಲಕ್ಕಿಂತ ಮುಂದೆ ಕಾಲ್ಪೆಟ್ಟಿಗೆಯ, ಅಂದರೆ ಕಾಲಿನಿಂದ ಒತ್ತಿ ನುಡಿಸುವ ಹಾರ್ಮೋನಿಯಂನ, ಮಾಸ್ತರರು. ಅಲ್ಲಿ ಜನ ಮೆಚ್ಚಿದ ಹಾಡಿಗೆ 'ಒನ್ಸ್ ಮೋರ್' ಕೂಗಿದರೆ ಸಾಯುತ್ತಿದ್ದ ಪಾತ್ರವೂ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಆಮೇಲೆ ಸಾಯುತ್ತಿದ್ದ ಕಾಲವೊಂದಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಈಗಿನ ಕಂಪನಿಗಳಲ್ಲಿ ದ್ವಂದ್ವಾರ್ಥದ ಹಾಸ್ಯ ಹೆಚ್ಚಾಗಿದೆ; ಅದನ್ನು ಮುಚ್ಚಿಡುವುದಿಲ್ಲ. ಆದರೂ ಪ್ರೇಕ್ಷಕರೂ ನಾಟಕದೊಳಗೆ ಪಾಲುದಾರರು ಎಂಬುದು ಹೊಸಬರಿಗೆ ಅಲ್ಲಿ ತಿಳಿದಷ್ಟು ಬೇಗ ಬೇರೆಲ್ಲೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಅತ್ತಿಗೆಯವರು ಧಾರಾವಾಹಿ ಬಿಟ್ಟು ಏನೂ ನೋಡಿದವರಲ್ಲವೆಂದು ಬರೆದಿದ್ದೀರಿ. ನೀವು ಅವರನ್ನು ಕೇಳಿದಿರೋ, ನೀವೇ ಊಹಿಸಿದಿರೋ? ನಾಗಮಂಗಲದ ಸೀಮೆಯಲ್ಲಿ ಹುಟ್ಟಿದವರು, ಊರವರೇ ಬಣ್ಣ ಹಚ್ಚಿ ಆಡುವ ಪೌರಾಣಿಕ ನಾಟಕ 'ಕುರುಕ್ಷೇತ್ರ'ವನ್ನು ನೋಡದೆ ಬೆಳೆದಿದ್ದಾರೆಂದರೆ ನಂಬುವುದು ಕಷ್ಟ.

ಎರಡೇ ನಾಟಕ ನೋಡಿದವಳು

ನಾನು ಹೋದ ವರ್ಷದವರೆಗೆ ಹೊಸಬಳೇ ಆಗಿದ್ದೆ, ಈಗಲೂ ಬಹುಮಟ್ಟಿಗೆ ಹಾಗೆಯೇ ಇದ್ದೇನೆ. ಆದ್ದರಿಂದ ಹಿರಿಯರಿಗೆ ಮರೆತುಹೋಗಿರಬಹುದಾದ ಒಂದೆರಡು ಸಂಗತಿ ಹೇಳುತ್ತೇನೆ. ಮೊದಲ ಸಲ ಹೋದವರಿಗೆ ಕಥೆ ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆಗಿಂತ, ತಾನು ಎಲ್ಲಿ ತಪ್ಪುತ್ತೇನೋ ಎಂಬ ಮುಜುಗರವೇ ದೊಡ್ಡದು. ಯಾವಾಗ ಚಪ್ಪಾಳೆ ತಟ್ಟಬೇಕು, ನಗು ಬಂದರೆ ನಗಬಹುದೋ, ನಟ ನನ್ನತ್ತಲೇ ನೋಡಿ ಮಾತನಾಡಿದರೆ ಎಲ್ಲಿ ನೋಡಬೇಕು, ಇವೆಲ್ಲ ತಲೆಯಲ್ಲಿ ಓಡುತ್ತಿದ್ದವು. ಮೊದಲ ಕಾಲು ಗಂಟೆ ನಾನು ನಾಟಕವನ್ನು ನೋಡಲೇ ಇಲ್ಲ, ಅಕ್ಕಪಕ್ಕದವರನ್ನು ನೋಡುತ್ತಿದ್ದೆ.

ನನ್ನನ್ನು ಉಳಿಸಿದ್ದು ಕಥೆ ಮೊದಲೇ ಗೊತ್ತಿದ್ದದ್ದು. ನಾನು ನೋಡಿದ್ದು 'ನಾಗಮಂಡಲ'. ನಾಗಾಭರಣರ 1997ರ ಸಿನಿಮಾ ಟಿವಿಯಲ್ಲಿ ಎರಡು ಸಲ ಬಂದಾಗ ನೋಡಿದ್ದೆ. ಗಂಡ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಹೋಗುವುದು, ಕುರುಡವ್ವ ಕೊಟ್ಟ ಬೇರು, ಅವನ ರೂಪದಲ್ಲಿ ಬರುವ ನಾಗ, ಎಲ್ಲವೂ ತಿಳಿದಿತ್ತು. ಮುಂದೇನಾಗುತ್ತದೆ ಎಂಬ ಆತಂಕವಿಲ್ಲದ್ದರಿಂದ, ಇದನ್ನು ಇವರು ಹೇಗೆ ಮಾಡುತ್ತಾರೆ ಎಂಬ ಕುತೂಹಲಕ್ಕೆ ಜಾಗ ಸಿಕ್ಕಿತು. ಪಾಳುಬಿದ್ದ ಗುಡಿಯಲ್ಲಿ ಊರಿನ ಮನೆಮನೆಯ ದೀಪದ ಜ್ಯೋತಿಗಳು ರಾತ್ರಿ ಸೇರಿ ಹರಟುವ ದೃಶ್ಯ ಬರುತ್ತದಲ್ಲ, ಅಲ್ಲಿ ಏಳೆಂಟು ಹುಡುಗಿಯರು ಕೈಯಲ್ಲಿ ಹಣತೆ ಹಿಡಿದು ಬಂದರು ಅಷ್ಟೇ. ಹುಡುಗಿಯರು ಕಣ್ಣೆದುರೇ ಇದ್ದಾರೆ, ಆದರೂ ನನಗೆ ಜ್ಯೋತಿಗಳೇ ಬಂದು ಮಾತನಾಡುತ್ತಿರುವಂತೆ ಕಂಡಿತು. ಆ ಕ್ಷಣದಲ್ಲಿ ಮುಜುಗರ ಮರೆತುಹೋಯಿತು. ಆದ್ದರಿಂದ ನಾಟಕ ಯಾವುದೇ ಆಗಲಿ, ಹೋಗುವ ಮೊದಲು ನಿಮ್ಮ ಹುಡುಗಿಗೆ ಕಥೆಯನ್ನು ಹೇಳಿಬಿಡಿ. ಕುತೂಹಲ ಕೆಡುತ್ತದೆಂದು ಬಚ್ಚಿಡಬೇಡಿ.

ಬಸವನಗುಡಿಯ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆ. ಗದಗಿನವರ ಪ್ರಶ್ನೆಗೆ ಉತ್ತರ: ನಾನು ಕೇಳಿರಲಿಲ್ಲ, ಊಹಿಸಿದ್ದೆ. ಬಂದಾಗ ಕೇಳುತ್ತೇನೆ. ಈ ನಡುವೆ ಇನ್ನೊಂದು ತೊಡಕು ಸೇರಿಕೊಂಡಿದೆ. ಹುಡುಗಿ ತನ್ನ ಕೋಣೆಯ ಗೆಳತಿಯನ್ನೂ ಕರೆತರುತ್ತಾಳಂತೆ. ಆ ಮಗು ತ್ರಿಶ್ಶೂರಿನವಳು; ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬರುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಹಿಂದಿನ ಸಾಲಿನ ಪ್ರೇಕ್ಷಕ

ಹಾಗಿದ್ದರೆ ಕೈಲಾಸಂ ಅನ್ನು ಪಟ್ಟಿಯಿಂದ ತೆಗೆದುಬಿಡಿ. 'ಬಂಡ್ವಾಳ್ವಿಲ್ಲದ್ ಬಡಾಯಿ'ಯ ಅಹೋಬ್ಲು ಬಾಯಿ ತೆರೆದರೆ ನನಗೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುವಷ್ಟಾಗುತ್ತದೆ, ಆದರೆ ಅಲ್ಲಿ ಇರುವುದೆಲ್ಲ ಮಾತಿನ ಆಟವೇ. ನೂರು ವರ್ಷದ ಹಿಂದಿನ ಮೈಸೂರು ಸೀಮೆಯ ಮನೆಮಾತಿಗೆ ಇಂಗ್ಲಿಷನ್ನು ಹೊಲಿದು ಮಾಡಿದ ಅಂಗಿ ಅದು. ಇಂಗ್ಲಿಷು ಇದೆಯಲ್ಲ, ಈ ಕಾಲದ ಮಕ್ಕಳಿಗೆ ಸುಲಭವಾಗುತ್ತದೆ ಎಂದುಕೊಂಡು ನಾನೇ ಒಮ್ಮೆ ಮೊಮ್ಮಗನನ್ನು ಕರೆದೊಯ್ದು ಸೋತಿದ್ದೇನೆ. ಅವನಿಗೆ ಇಂಗ್ಲಿಷು ತಿಳಿಯಿತು, ಅದರ ಸುತ್ತಲಿನ ಕನ್ನಡ ತಿಳಿಯಲಿಲ್ಲ. ಇದೇ ಕಾರಣಕ್ಕೆ ಸಂಸರ 'ವಿಗಡ ವಿಕ್ರಮರಾಯ', ಕುವೆಂಪು ಅವರ 'ಶೂದ್ರ ತಪಸ್ವಿ' ಇವುಗಳನ್ನೂ ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಆ ಭಾಷೆಯ ಗತ್ತು ಕಿವಿ ಪಳಗಿದ ಮೇಲೆ ದಕ್ಕುವಂಥದ್ದು.

'ತುಘಲಕ್' ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮೂವರು ಹೊಸಬರಲ್ಲಿ ಒಬ್ಬಳಿಗೆ ಭಾಷೆಯೂ ಬಾರದು ಎಂದಮೇಲೆ ಹಟ ಹಿಡಿಯುವುದಿಲ್ಲ.

ಬೆಳಕಿನವನು

ನಾನು ರಂಗದ ಹಿಂದೆ ಬೆಳಕಿನ ಕೆಲಸ ಮಾಡುವವನು. 'ಹಯವದನ'ಕ್ಕೆ ಮೂರು ಬೇರೆ ಬೇರೆ ತಂಡಗಳೊಂದಿಗೆ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಮುಂದೆ ಕುಳಿತಿದ್ದೇನೆ. ಪ್ರೇಕ್ಷಕರ ಮುಖಗಳು ಕತ್ತಲೆಯಲ್ಲಿ ನನಗೆ ಕಾಣುವಷ್ಟು ನಟರಿಗೂ ಕಾಣುವುದಿಲ್ಲ, ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ದೇವದತ್ತ ಕವಿ, ಪಂಡಿತ, ಮೃದುವಾದ ಮೈಯವನು. ಕಪಿಲ ಕಮ್ಮಾರನ ಮಗ, ಗಟ್ಟಿಮುಟ್ಟಾದ ಆಳು. ಇಬ್ಬರೂ ಪ್ರಾಣಸ್ನೇಹಿತರು. ದೇವದತ್ತನ ಹೆಂಡತಿ ಪದ್ಮಿನಿಗೆ ಕಪಿಲನ ಮೈಯ ಮೇಲೆ ಕಣ್ಣು ಬಿದ್ದದ್ದು ದೇವದತ್ತನಿಗೆ ತಿಳಿಯುತ್ತದೆ. ಕಾಳಿಯ ಗುಡಿಯಲ್ಲಿ ಅವನು ತಲೆ ಕಡಿದುಕೊಳ್ಳುತ್ತಾನೆ, ಅವನನ್ನು ಹುಡುಕಿ ಬಂದ ಕಪಿಲನೂ ಹಾಗೆಯೇ ಮಾಡುತ್ತಾನೆ. ಕಾಳಿ ಪ್ರತ್ಯಕ್ಷಳಾಗಿ, ಆಕಳಿಸುತ್ತಾ, ತಲೆಗಳನ್ನು ಮುಂಡಕ್ಕೆ ಸೇರಿಸು ಎನ್ನುತ್ತಾಳೆ. ಗಡಿಬಿಡಿಯಲ್ಲಿ ಪದ್ಮಿನಿ ಅದಲುಬದಲು ಮಾಡಿಬಿಡುತ್ತಾಳೆ. ಇಲ್ಲಿಂದ ಮುಂದೆ ಗಂಡ ಯಾರು, ತಲೆಯವನೋ ದೇಹದವನೋ ಎಂಬ ಜಗಳ. ಇದೇ ಕಥೆಯನ್ನು ಸಿನಿಮಾದವರು ಮಾಡಿದರೆ ಕಂಪ್ಯೂಟರಿನಲ್ಲಿ ಕುಳಿತು ತಲೆ ಜೋಡಿಸುತ್ತಾರೆ, ನಾವೂ ನೋಡಿ ಚೆನ್ನಾಗಿ ಜೋಡಿಸಿದ್ದಾರೆ ಎನ್ನುತ್ತೇವೆ. ರಂಗದ ಮೇಲೆ ಏನಾಗುತ್ತದೆ? ಇಬ್ಬರು ನಟರು ಮುಖವಾಡಗಳನ್ನು ಬದಲಾಯಿಸಿಕೊಂಡು ಎದ್ದು ನಿಲ್ಲುತ್ತಾರೆ. ಅಷ್ಟೇ. ಯಾರಿಗೂ ಏನನ್ನೂ ಮುಚ್ಚಿಡುವುದಿಲ್ಲ. ಆದರೂ ಆ ಕ್ಷಣಕ್ಕೆ ಸಭಾಂಗಣದಲ್ಲಿ ಒಂದು ಉಸಿರು ಎಳೆದುಕೊಂಡ ಸದ್ದು ಕೇಳುತ್ತದೆ, ಮೂರು ತಂಡಗಳಲ್ಲೂ ಕೇಳಿದ್ದೇನೆ. ಆ ಉಸಿರು ಪ್ರೇಕ್ಷಕರು ತಾವಾಗಿ ಕೊಟ್ಟ ಒಪ್ಪಿಗೆ. ನಾಟಕವೆಂದರೆ ಜೋರಾಗಿ ಮಾತನಾಡುವುದಲ್ಲವೇ ಎಂದು ಕೇಳಿದ ಹುಡುಗಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಾಣೆ.

ತ್ರಿಶ್ಶೂರಿನ ಹುಡುಗಿಯ ಬಗ್ಗೆ ಚಿಂತಿಸಬೇಡಿ. ಆ ನಾಟಕದಲ್ಲಿ ಭಾಗವತನಿದ್ದಾನೆ, ಮೇಳವಿದೆ, ಮುಖವಾಡವಿದೆ, ಇಬ್ಬರು ಹಿಡಿದು ನಿಲ್ಲುವ ಅರೆತೆರೆಯಿದೆ, ಮಾತನಾಡುವ ಗೊಂಬೆಗಳಿವೆ. ಯಕ್ಷಗಾನದಲ್ಲಿ ಹೇಗೋ ಕಥಕಳಿಯಲ್ಲಿಯೂ ಹಾಗೆಯೇ ತೆರೆಯ ಹಿಂದಿನಿಂದ ಪಾತ್ರ ತನ್ನನ್ನು ಸ್ವಲ್ಪ ಸ್ವಲ್ಪವೇ ತೋರಿಸಿಕೊಳ್ಳುತ್ತದೆ. ಅವಳಿಗೆ ನಿಮ್ಮ ಹುಡುಗಿಗಿಂತ ಬೇಗ ಅದು ಹಿಡಿಸಿದರೆ ಆಶ್ಚರ್ಯಪಡಬೇಡಿ. ಒಂದು ಎಚ್ಚರಿಕೆ: ಕುದುರೆಯ ತಲೆಯ ಮನುಷ್ಯ ಆರಂಭದಲ್ಲಿ ಬಂದು ಹೋಗಿ ಕೊನೆಯಲ್ಲಿ ಮತ್ತೆ ಬರುತ್ತಾನೆ. ಅವನೇ ನಾಟಕದ ಹೆಸರಿನವನು, ಆದರೆ ಮುಖ್ಯ ಕಥೆ ಅವನದಲ್ಲ. ಹೊಸಬರು ಅಲ್ಲಿ ಗೊಂದಲಪಡುತ್ತಾರೆ, ಮೊದಲೇ ಹೇಳಿಡಿ.

ಸಾಗರದ ಓದುಗ

ಭಾಷೆ ಬಾರದವರ ಬಗ್ಗೆ ಒಂದು ಸಂಗತಿ ಸೇರಿಸುತ್ತೇನೆ. ನಮ್ಮ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ಹೊರರಾಜ್ಯದವರು ಬರುತ್ತಿರುತ್ತಾರೆ. ಸಂಜೆಯ ನಾಟಕ ನೋಡಿ ಮರುದಿನ ಬೆಳಿಗ್ಗೆ ಅದರ ಬಗ್ಗೆ ಚರ್ಚೆ ಮಾಡುವುದು ಅಲ್ಲಿನ ಕ್ರಮ. ಕನ್ನಡ ತಿಳಿಯದವರು ಹೇಳುವ ಮಾತುಗಳಲ್ಲಿ ನಾವು ಗಮನಿಸದೇ ಬಿಟ್ಟ ಚಲನೆ, ಬಣ್ಣ, ಮೌನಗಳ ಬಗ್ಗೆ ಎಷ್ಟೋ ಸೂಕ್ಷ್ಮಗಳಿರುತ್ತವೆ. ಮಾತಿಗೆ ಕಿವಿಗೊಡುವ ಹೊರೆ ಇಲ್ಲದವರು ಕಣ್ಣಿನಿಂದ ಹೆಚ್ಚು ಕೆಲಸ ತೆಗೆದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಇಲ್ಲದ ಹೊಸಬರು ಯಾರಾದರೂ ಈ ಚರ್ಚೆ ಓದುತ್ತಿದ್ದರೆ ಅವರಿಗೆ ನನ್ನ ಸಲಹೆ ನೀನಾಸಮ್ ತಿರುಗಾಟ. 1985ರಿಂದ ಪ್ರತಿವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ರಾಜ್ಯದ ಊರೂರಿಗೆ ಹೋಗುತ್ತಾರೆ. ನಿಮ್ಮ ತಾಲ್ಲೂಕಿಗೆ ಬರುವ ಹೊತ್ತಿಗೆ ಅದು ಹತ್ತಾರು ಪ್ರದರ್ಶನ ಕಂಡಿರುತ್ತದೆ, ಹಾಗಾಗಿ ಮೇಲೆ ಹೇಳಿದ ಮೊದಲ ಪ್ರದರ್ಶನದ ಗಂಡಾಂತರವಿಲ್ಲ. ಮಧ್ಯಾಹ್ನವೇ ಹೋದರೆ ಸಂಜೆ ರಾಜನಾಗುವವನು ಲಾರಿಯಿಂದ ಪೆಟ್ಟಿಗೆ ಇಳಿಸುವುದನ್ನೂ ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರವೂ ಹೀಗೆಯೇ ಊರೂರು ಸುತ್ತುತ್ತದೆ.

ಗದಗಿನ ರಸಿಕ

ಸಂಗೀತ ಬೇಕೋ ಕಥೆ ಬೇಕೋ ಎಂಬ ಮೇಡಂ ಅವರ ಮೂಲ ಪ್ರಶ್ನೆಯನ್ನು ಎಲ್ಲರೂ ದಾಟಿಕೊಂಡು ಹೋದಿರಿ. ನಮ್ಮ ಕಡೆಯ ಜಾನಪದ ನಾಟಕವಾದ ಸಣ್ಣಾಟದಲ್ಲಿ ಈ ಎರಡನ್ನೂ ಬಿಡಿಸಲು ಬರುವುದಿಲ್ಲ. 'ಸಂಗ್ಯಾ ಬಾಳ್ಯಾ'ದಲ್ಲಿ ಗೆಳೆಯರಿಬ್ಬರ ನಂಟು, ಗಂಗಿಯ ಮೇಲಿನ ಆಸೆ, ಕೊನೆಗೆ ಕೊಲೆ, ಎಲ್ಲವೂ ಹಾಡಿನಲ್ಲಿಯೇ ನಡೆಯುತ್ತದೆ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕಥೆಯೆಂದೇ ಜನ ಹೇಳುತ್ತಾರೆ. 'ಶ್ರೀಕೃಷ್ಣ ಪಾರಿಜಾತ'ವೂ ಹಾಗೆಯೇ. ಹಾಡು ನಿಂತರೆ ಕಥೆಯೂ ನಿಲ್ಲುತ್ತದೆ.

ಹಿಂದಿನ ಸಾಲಿನ ಪ್ರೇಕ್ಷಕ

ನಿಜವಾದ ಮಾತು, ಮತ್ತು ಇದರ ಎಳೆ ಬೆಂಗಳೂರಿನವರೆಗೂ ಬರುತ್ತದೆ. ಹವ್ಯಾಸಿ ರಂಗಭೂಮಿ ಹಾಡನ್ನು ಹಳೆಯ ಕಾಲದ್ದೆಂದು ಹೊರಗಿಟ್ಟಿದ್ದಾಗ ಅದನ್ನು ಮತ್ತೆ ಕೈಹಿಡಿದು ಒಳಗೆ ಕರೆತಂದವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಮನುಷ್ಯ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರೂ ಕಿವಿಯಲ್ಲಿ ಕಂಪನಿಯ ಹಾರ್ಮೋನಿಯಂ ಉಳಿಸಿಕೊಂಡಿದ್ದರು. 1972ರಲ್ಲಿ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಅವರು 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಈ ಮೂರನ್ನೂ ಒಟ್ಟೊಟ್ಟಿಗೆ ಆಡಿಸಿದಾಗ ನಾನು ಕಾಲೇಜು ಹುಡುಗ. ನನ್ನ ಮೊದಲ ನಾಟಕ ಆ ಮೂರರಲ್ಲಿ ಕಂಬಾರರ 'ಜೋಕುಮಾರಸ್ವಾಮಿ'. ಅದರ ಕಥೆಯ ಎಷ್ಟು ಭಾಗ ಆಗ ನನಗೆ ಅರ್ಥವಾಯಿತೋ ಹೇಳಲಾರೆ, ಆದರೆ ಅದರ ಹಾಡಿನ ದಾಟಿಗಳನ್ನು ಗುನುಗುತ್ತಾ ಜೆ.ಸಿ. ರಸ್ತೆಯಿಂದ ಚಾಮರಾಜಪೇಟೆಗೆ ನಡೆದು ಹೋದದ್ದು ನೆನಪಿದೆ. ಈಗ ಯೋಚಿಸಿದರೆ, ಶಿಖರ ಗಿಖರ ಎಂದು ಉಪದೇಶ ಮಾಡಿದ ನನ್ನನ್ನೇ ಒಳಗೆ ಕರೆದುಕೊಂಡದ್ದು ಹಾಡು. ಪೂರ್ತಿ ಸಂಗೀತದ್ದೇ ಬೇಕೆಂದರೆ ಪು.ತಿ.ನ. ಅವರ 'ಗೋಕುಲ ನಿರ್ಗಮನ' ಎಲ್ಲಾದರೂ ಇದೆಯೇ ಎಂದು ನೋಡಿ. ಕೃಷ್ಣ ಕೊಳಲನ್ನು ಬಿಟ್ಟು ಮಧುರೆಗೆ ಹೊರಡುವುದು, ಅಷ್ಟೇ ಕಥೆ.

'ಜೋಕುಮಾರಸ್ವಾಮಿ'ಯನ್ನು ಮಾತ್ರ ಅತ್ತಿಗೆಯವರ ಪಕ್ಕ ಕುಳಿತು ನೋಡುವ ಮೊದಲು ಯೋಚಿಸಿ. ಪಡವಲಕಾಯಿಯ ಪಲ್ಯದ ಸುತ್ತ ಹೆಣೆದ ನಾಟಕ ಅದು, ಆ ಪಡವಲಕಾಯಿಗೆ ಏನರ್ಥವೆಂದು ಯಾರೂ ವಿವರಿಸಬೇಕಾಗಿಲ್ಲ.

ಸಾಗರದ ಓದುಗ

ಹಾಡಿನ ಮಾತು ಬಂದದ್ದರಿಂದ: 'ಮಲೆಗಳಲ್ಲಿ ಮದುಮಗಳು' ಮತ್ತೆ ಯಾವಾಗಲಾದರೂ ಪ್ರದರ್ಶನಗೊಂಡರೆ ಹೊಸಬರನ್ನು ನೇರವಾಗಿ ಅಲ್ಲಿಗೇ ಕರೆದೊಯ್ಯಬಹುದೇ? ಮೈಸೂರು ರಂಗಾಯಣದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ಇಡೀ ರಾತ್ರಿಯ ಪ್ರಯೋಗವಾಗಿ ಕಟ್ಟಿದಾಗ ನನ್ನ ಜೊತೆ ಬಂದಿದ್ದ ಇಬ್ಬರಿಗೆ ಅದು ಮೊದಲ ನಾಟಕ. ನಾಲ್ಕು ರಂಗಸ್ಥಳ, ಒಂದರಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಚಾಪೆ ಹೊದಿಕೆ ಹೊತ್ತು ನಡೆಯಬೇಕು. ನಡುರಾತ್ರಿ ಇಬ್ಬರೂ ಸ್ವಲ್ಪ ಹೊತ್ತು ನಿದ್ದೆ ಮಾಡಿದರು, ಗುತ್ತಿಯ ನಾಯಿ ಹುಲಿಯ ಬಂದಾಗ ಎದ್ದರು, ಬೆಳಗಿನ ಚಹಾದವರೆಗೂ ಕುಳಿತರು.

ತಾಲೀಮು ಕೋಣೆ

ಅದು ನಾಟಕಕ್ಕೆ ಹೋದಂತಲ್ಲ, ಜಾತ್ರೆಗೆ ಹೋದಂತೆ. ಜಾತ್ರೆಯಲ್ಲಿ ನಿದ್ದೆ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದ್ದರಿಂದಲೇ ಹೊಸಬರಿಗೆ ಅಲ್ಲಿ ಮುಜುಗರವಿಲ್ಲ. ನಾನು ಒಪ್ಪುತ್ತೇನೆ.

ಮೇಡಂ, ಸಣ್ಣಪುಟ್ಟ ವ್ಯವಸ್ಥೆಯ ಮಾತುಗಳು. ಮೂರನೆಯ ಅಥವಾ ನಾಲ್ಕನೆಯ ಸಾಲಿನ ಮಧ್ಯದಲ್ಲಿ ಕೂರಿಸಿ. ಮೊದಲ ಸಾಲು ಹೊಸಬರಿಗೆ ಹೆದರಿಕೆ ಹುಟ್ಟಿಸುತ್ತದೆ. ಅರ್ಧ ಗಂಟೆ ಮುಂಚೆ ತಲುಪಿ, ಚಹಾ ಕುಡಿದೇ ಒಳಗೆ ಹೋಗಿ. ಯೋಜನೆ ಬದಲಾಗಿ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುವಂತಾದರೆ ಇದು ಇನ್ನೂ ಮುಖ್ಯ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿಸಿ 2004ರಲ್ಲಿ ತೆರೆದಂದಿನಿಂದ ಅಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಬನ್ನೇರುಘಟ್ಟ ರಸ್ತೆಯ ವಾಹನ ದಟ್ಟಣೆಯ ಕಥೆ ಹೇಳಿಕೊಂಡು ಹೊರಗೆ ನಿಂತವರನ್ನು ಸಾಕಷ್ಟು ನೋಡಿದ್ದೇನೆ. ನಾಟಕ ಮುಗಿದ ಕೂಡಲೇ 'ಹೇಗಿತ್ತು' ಎಂದು ಕೇಳಬೇಡಿ. ಊಟಕ್ಕೆ ಕೂರಿಸಿ ಸುಮ್ಮನಿರಿ.

ಬಸವನಗುಡಿಯ ಅಧ್ಯಾಪಕಿ

ನಿನ್ನೆ ಹೋಗಿಬಂದೆವು. 'ಹಯವದನ'. ಆ ತಂಡಕ್ಕೆ ಇದು ಒಂಬತ್ತನೆಯ ಪ್ರದರ್ಶನವೆಂದು ವಿಚಾರಿಸಿಯೇ ಟಿಕೆಟ್ ತೆಗೆದುಕೊಂಡೆ. ಕಥೆಯನ್ನು ದಾರಿಯಲ್ಲಿ ಆಟೋದಲ್ಲೇ ಹೇಳಿದೆ. ಕುದುರೆಯ ತಲೆಯವನ ಬಗ್ಗೆ ಎಚ್ಚರಿಸಿದ್ದೆ, ಆದರೂ ಹುಡುಗಿ ಅವನು ಬಂದಾಗ ನಕ್ಕವಳು ಅವನು ಹೋದ ಮೇಲೂ ನಿಲ್ಲಿಸಲಿಲ್ಲ. ಮುಖವಾಡ ಬದಲಾದ ಕ್ಷಣದಲ್ಲಿ ನಾನು ರಂಗವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಬೆಳಕಿನವರು ಹೇಳಿದ ಆ ಉಸಿರು ಅವಳಿಂದ ಬರಲಿಲ್ಲ, ಗೆಳತಿಯಿಂದ ಬಂತು. ನಮ್ಮವಳು ತಣ್ಣಗೆ ಕುಳಿತಿದ್ದಳು.

ನಾನು ಏನೂ ಕೇಳಲಿಲ್ಲ. ಗಾಂಧಿಬಜಾರಿನಲ್ಲಿ ದೋಸೆ ಬರುವವರೆಗೂ ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ. ಇಬ್ಬರು ಗಂಡಸರೂ ಹೊಡೆದಾಡಿ ಸತ್ತ ಮೇಲೆ ಪದ್ಮಿನಿ ಏಕೆ ಚಿತೆ ಏರಬೇಕು, ಅವಳಿಗೆ ಒಂದು ಮಗುವಿದೆಯಲ್ಲ, ಆ ಮಗುವನ್ನು ಭಾಗವತರ ಕೈಗೆ ಕೊಟ್ಟು ಸಾಯುವುದು ಯಾವ ನ್ಯಾಯ, ಇದನ್ನು ಬರೆದವರು ಒಮ್ಮೆಯಾದರೂ ಅವಳನ್ನು ಕೇಳಿದ್ದಾರೆಯೇ ಎಂದು ನನ್ನ ಮೇಲೆ ಎರಗಿದಳು. ಪದ್ಮಿನಿಯ ಕಡೆಯಿಂದ ಕಾರ್ನಾಡರ ಮೇಲೆ ಮೊಕದ್ದಮೆ ಹೂಡಿದಂತಿತ್ತು. ಅವಳಿಗೂ ಗೆಳತಿಗೂ ಇಂಗ್ಲಿಷು ಕನ್ನಡ ಮಲಯಾಳಂ ಮೂರರಲ್ಲೂ ಜಗಳವಾಯಿತು. ಗೆಳತಿಯ ಪ್ರಕಾರ ಅದು ಸಾವಲ್ಲ, ಲೇವಡಿ. ಸತಿ ಎಂದು ಹೊಗಳುವವರನ್ನೇ ನಾಟಕ ಅಣಕಿಸುತ್ತಿದೆ. ಮಾತು ಅರ್ಧ ತಿಳಿಯದವಳು ಅಷ್ಟನ್ನು ಎಲ್ಲಿಂದ ಹಿಡಿದಳೋ! ಇಂದು ಬೆಳಿಗ್ಗೆ ನಮ್ಮವಳು ಪುಸ್ತಕ ಕೇಳಿ ತೆಗೆದುಕೊಂಡು ಹೋಗಿದ್ದಾಳೆ, ಆ ಭಾಗವನ್ನು ಓದಿ ಗೆಳತಿಯ ಬಾಯಿ ಮುಚ್ಚಿಸಬೇಕಂತೆ. ನಾಟಕ ಇಷ್ಟವಾಯಿತೋ ಇಲ್ಲವೋ ಎಂದು ಅವಳು ಇನ್ನೂ ಹೇಳಿಲ್ಲ.

ಗದಗಿನವರಿಗೆ ವಿಶೇಷವಾಗಿ ಬರೆಯಬೇಕು. ವಿರಾಮದಲ್ಲಿ ಅತ್ತಿಗೆ ಮೆಲ್ಲಗೆ, "ಭಾಗವತರು ಚೆನ್ನಾಗಿ ಹಾಡಿದರು, ಆದರೆ ಉಸಿರು ಸಾಲದು" ಎಂದರು. ನಾನು ಬೆಚ್ಚಿದೆ. ಕೇಳಿದರೆ, ಅವರ ತಂದೆ ಊರಿನ 'ಕುರುಕ್ಷೇತ್ರ'ದಲ್ಲಿ ಹದಿನಾಲ್ಕು ವರ್ಷ ಕೃಷ್ಣನ ಪಾತ್ರ ಮಾಡಿದವರಂತೆ! ಮೂರು ತಿಂಗಳು ಡ್ರಾಮಾ ಮೇಷ್ಟ್ರು ಮನೆಯ ಜಗಲಿಯಲ್ಲೇ ಹಾರ್ಮೋನಿಯಂ ಇಟ್ಟುಕೊಂಡು ತಾಲೀಮು ನಡೆಸುತ್ತಿದ್ದುದರಿಂದ ಇವರಿಗೆ ಕೃಷ್ಣನ ಕಂದಪದ್ಯಗಳೂ ದುರ್ಯೋಧನನವೂ ಬಾಯಿಗೆ ಬರುತ್ತವೆ. ಒಂದು ವರ್ಷ, ಪಾತ್ರ ಮಾಡುವವರೇ ಕೊಡಬೇಕಾದ ಪಾತ್ರದ ಹಣ ಹೊಂದಿಸಲು ತಂದೆ ಒಂದು ಎತ್ತನ್ನೇ ಮಾರಿದರೆಂದು ಅತ್ತಿಗೆಯ ತಾಯಿ ಕೊನೆಯವರೆಗೂ ಬೈಯುತ್ತಿದ್ದರಂತೆ. ನನ್ನ ಮನೆಗೆ ಇಪ್ಪತ್ತೆರಡು ವರ್ಷದಿಂದ ಬಂದು ಹೋಗುತ್ತಿರುವ ಅತ್ತಿಗೆ ಇದನ್ನು ಏಕೆ ಹೇಳಲಿಲ್ಲವೆಂದರೆ, "ನೀವು ನೋಡುವ ನಾಟಕ ಬೇರೆ ಅಲ್ಲವಾ, ನಮ್ಮದು ಡ್ರಾಮಾ" ಎಂದರು. ಅವರು ಇಲ್ಲಿರುವುದು ಇನ್ನು ನಾಲ್ಕು ದಿನ. ಅಷ್ಟರೊಳಗೆ 'ಕುರುಕ್ಷೇತ್ರ' ಎಲ್ಲಾದರೂ ಇದೆಯೇ?

ಗದಗಿನ ರಸಿಕ

ನಾನು ಹೇಳಿರಲಿಲ್ಲವೇ! ನಿಮ್ಮ ಗುಂಪಿನಲ್ಲಿ ಹೊಸಬರು ಇಬ್ಬರೇ, ಮೂವರಲ್ಲ.

ಬೆಳಕಿನವನು

ಉಸಿರು ಎಳೆದುಕೊಳ್ಳದ ಪ್ರೇಕ್ಷಕಿಯ ಲೆಕ್ಕವನ್ನು ನನ್ನ ಖಾತೆಗೆ ಬರೆದುಕೊಂಡಿದ್ದೇನೆ.

ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳು ಹಗಲಿನಲ್ಲಿಯೂ ನಡೆಯುತ್ತವೆ. ಊರುಗಳ ಕಲಾಸಂಘದವರು ಸಭಾಂಗಣ ಬಾಡಿಗೆ ಹಿಡಿದು, ಬಾಡಿಗೆಯ ಪರದೆ, ವೇಷಗಳ ಡ್ರಾಮಾ ಸೀನ್ಸ್ ತರಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಆಡುತ್ತಾರೆ. ಬಹಳ ಸಲ ಪ್ರವೇಶ ಉಚಿತವಾಗಿರುವುದರಿಂದ ಅಂತರ್ಜಾಲದಲ್ಲಿ ಅವುಗಳ ಸುಳಿವು ಸಿಗುವುದಿಲ್ಲ. ಜೆ.ಸಿ. ರಸ್ತೆಯ ಕಡೆ ಹೋದಾಗ ಗೇಟಿನ ಬಳಿ ಕಟ್ಟಿರುವ ಫ್ಲೆಕ್ಸ್‌ಗಳನ್ನು ನೋಡಿ, ಕೃಷ್ಣನಿಂದ ಹಿಡಿದು ದ್ವಾರಪಾಲಕನವರೆಗೆ ಪಾತ್ರಧಾರಿಗಳೆಲ್ಲರ ಭಾವಚಿತ್ರಗಳೂ ಅದರಲ್ಲಿರುತ್ತವೆ. ಸಿಗದಿದ್ದರೆ ಮಂಡ್ಯದ ಕಲಾಮಂದಿರದಲ್ಲಿಯೂ ತುಮಕೂರಿನಲ್ಲಿಯೂ ವಿಚಾರಿಸಬಹುದು.

ಬಸವನಗುಡಿಯ ಅಧ್ಯಾಪಕಿ

ಇಂದು ಕಾಲೇಜು ಮುಗಿಸಿಕೊಂಡು ಹೋಗಿ ಗೇಟಿನ ಬಳಿ ನೋಡಿ ಬಂದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ 'ಕುರುಕ್ಷೇತ್ರ' ಇದೆ. ಹುಡುಗಿಯರಿಬ್ಬರೂ ಬರುತ್ತಾರೆ. ಈ ಸಲ ಕಥೆ ಹೇಳುವ ಕೆಲಸ ಅತ್ತಿಗೆಯದು, ನಾನು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಅವರ ಪಕ್ಕ ಕೂರುತ್ತೇನೆ.